ಅಂಟಿನುಂಡೆಯ ಬಾದಾಮಿ, ಬಾದಾಮಿ ಬೆಳೆಯುವ ಊರಿನ ಬಸುರಿಯರು

ಎಲ್ಲರಿಗೂ ನಮಸ್ಕಾರ.

ನನ್ನ ತಂಗಿಯ ಬಾಣಂತನಕ್ಕೆ ಅವ್ವ ಅಂಟಿನುಂಡೆ ಕಟ್ಟುತ್ತಿದ್ದಳು. ಸಿಂಧನೂರಿನ ನಮ್ಮ ಮನೆ. ನಾನು ರಜೆಗೆ ಬಂದಿದ್ದೆ. ಒಲೆಯ ಮೇಲೆ ತುಪ್ಪದಲ್ಲಿ ಅಂಟು ಅರಳುತ್ತಿತ್ತು. ಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ ಎಲ್ಲ ಪಕ್ಕದಲ್ಲೇ ಇತ್ತು. ನನ್ನ ಪಾಲಿಗೆ ಬಂದದ್ದು ಬಾದಾಮಿ ಹೆಚ್ಚುವ ಕೆಲಸ. ಪೊಟ್ಟಣ ತಿರುಗಿಸಿ ನೋಡಿದರೆ ‘ಕ್ಯಾಲಿಫೋರ್ನಿಯಾ’ ಎಂದು ಬರೆದಿತ್ತು. ಎರಡು ವಾರದ ಹಿಂದಷ್ಟೇ ನಾನು ಆ ಬಾದಾಮಿ ಬೆಳೆಯುವ ಸೀಮೆಯಿಂದ ವಿಮಾನ ಹತ್ತಿದ್ದೆ. ಅಲ್ಲಿನ ಬಸುರಿ ಹೆಣ್ಣುಮಕ್ಕಳ ಬಿಪಿ ನೋಡುವುದು, ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಕೇಳುವುದು ನನ್ನ ಕೆಲಸ. ನಾನು ನರ್ಸ್.

ಇವತ್ತು ಆ ಹೆಣ್ಣುಮಕ್ಕಳ ಬಗ್ಗೆ ಮಾತಾಡುತ್ತೇನೆ. ಹೊಗೆ, ಧೂಳು ಮತ್ತು ವಿಪರೀತ ಬಿಸಿಲು ಸೇರಿ ಒಬ್ಬ ಬಸುರಿಗೆ ಏನು ಮಾಡುತ್ತವೆ ಎಂಬುದು ವಿಷಯ. ಈ ಹೆಣ್ಣುಮಕ್ಕಳು ಲ್ಯಾಟಿನೋ ಸಮುದಾಯದವರು. ಹಾಗೆಂದರೆ ಮೆಕ್ಸಿಕೋ, ಗ್ವಾಟೆಮಾಲಾ, ಎಲ್ ಸಾಲ್ವಡೋರ್‌ನಂಥ ದೇಶಗಳಲ್ಲಿ ಬೇರು ಇರುವವರು. ಅಮೆರಿಕದ 2020ರ ಜನಗಣತಿಯಲ್ಲಿ ಅವರ ಸಂಖ್ಯೆ 6 ಕೋಟಿ 20 ಲಕ್ಷ. ನಮ್ಮ ಇಡೀ ಕರ್ನಾಟಕದಷ್ಟು ಜನ ಅಂದುಕೊಳ್ಳಿ.

ಜಗತ್ತಿನ ಬಾದಾಮಿಯಲ್ಲಿ ಸುಮಾರು ಶೇ. 80ರಷ್ಟು ಕ್ಯಾಲಿಫೋರ್ನಿಯಾ ಎಂಬ ಒಂದೇ ರಾಜ್ಯದಲ್ಲಿ ಬೆಳೆಯುತ್ತದೆ. ಹೊರದೇಶಗಳಲ್ಲಿ ಅದನ್ನು ಎಲ್ಲರಿಗಿಂತ ಜಾಸ್ತಿ ಕೊಳ್ಳುವವರು ನಾವು, ಭಾರತದವರು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕೊಯ್ಲು. ಅಲ್ಲಿ ಕೈಯಿಂದ ಕೀಳುವುದಿಲ್ಲ. ಒಂದು ಯಂತ್ರ ಬಂದು ಮರದ ಬೊಡ್ಡೆ ಹಿಡಿದು ಜೋರಾಗಿ ಅಲ್ಲಾಡಿಸುತ್ತದೆ. ಕಾಯಿ ನೆಲಕ್ಕೆ ಉದುರುತ್ತದೆ, ಕೆಲವು ದಿನ ಅಲ್ಲೇ ಒಣಗುತ್ತದೆ. ಆಮೇಲೆ ಇನ್ನೊಂದು ಯಂತ್ರ ಗುಡಿಸಿ ಸಾಲು ಮಾಡುತ್ತದೆ, ಮತ್ತೊಂದು ಬಂದು ಎತ್ತಿಕೊಳ್ಳುತ್ತದೆ. ತಿಂಗಳುಗಟ್ಟಲೆ ಮಳೆ ಕಾಣದ ಮಣ್ಣು ಅದು. ಯಂತ್ರ ಹೋದ ಕಡೆಯೆಲ್ಲ ಕಂದು ಬಣ್ಣದ ಮೋಡ ಏಳುತ್ತದೆ. ತೋಟದ ಅಂಚಿನಲ್ಲೇ ಕೂಲಿಕಾರರ ಮನೆಗಳು. ಒಗೆದು ಹಾಕಿದ ಬಟ್ಟೆ ಸಂಜೆಗೆ ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ.

ಈ ಜಾಗದ ಹೆಸರು ಸ್ಯಾನ್ ವಾಕಿನ್ ಕಣಿವೆ. ಉತ್ತರಕ್ಕೆ ಸ್ಟಾಕ್ಟನ್, ನಡುವೆ ಫ್ರೆಸ್ನೋ, ದಕ್ಷಿಣಕ್ಕೆ ಬೇಕರ್ಸ್‌ಫೀಲ್ಡ್. ಅಲ್ಲಿನ ಜನರಲ್ಲಿ ಅರ್ಧಕ್ಕೂ ಹೆಚ್ಚು ಲ್ಯಾಟಿನೋಗಳು. ಒಂದು ದೊಡ್ಡ ಬಾಣಲೆಯನ್ನು ಕಲ್ಪಿಸಿಕೊಳ್ಳಿ. ಪೂರ್ವದಲ್ಲಿ ಸಿಯೆರಾ ನೆವಾಡಾ ಪರ್ವತಸಾಲು, ಪಶ್ಚಿಮದಲ್ಲಿ ಕರಾವಳಿ ಬೆಟ್ಟಗಳು, ದಕ್ಷಿಣದಲ್ಲಿ ತೆಹಾಚಪಿ ಬೆಟ್ಟಗಳು. ಒಳಗೆ ಬಂದ ಗಾಳಿಗೆ ಹೊರಗೆ ಹೋಗಲು ದಾರಿ ಕಡಿಮೆ. ಎಷ್ಟೋ ದಿನ ಬಿಸಿಗಾಳಿಯ ಪದರ ಮೇಲೆ ಮುಚ್ಚಳದ ಹಾಗೆ ಕೂತುಬಿಡುತ್ತದೆ. ಹೆದ್ದಾರಿ 99ರ ಲಾರಿಗಳ ಡೀಸೆಲ್ ಹೊಗೆ, ಎಣ್ಣೆಬಾವಿಗಳ ಆವಿ, ಹೈನುಗಾರಿಕೆಯ ಅಮೋನಿಯಾ, ತೋಟದ ಧೂಳು, ಸಿಂಪಡಿಸಿದ ಔಷಧ ಎಲ್ಲವೂ ಆ ಬಾಣಲೆಯಲ್ಲೇ ಕುದಿಯುತ್ತವೆ. ಅಮೆರಿಕದ ಅತಿ ಕೆಟ್ಟ ಗಾಳಿಯ ಊರುಗಳ ಪಟ್ಟಿ ಪ್ರತಿ ವರ್ಷ ಬರುತ್ತದೆ. ಬೇಕರ್ಸ್‌ಫೀಲ್ಡ್, ಫ್ರೆಸ್ನೋ ಹೆಸರು ಬಹಳ ವರ್ಷಗಳಿಂದ ಅದರ ಮೇಲ್ತುದಿಯಲ್ಲೇ ಇವೆ.

2020ರ ಸೆಪ್ಟೆಂಬರ್ ತಿಂಗಳು. ಫ್ರೆಸ್ನೋ ಪಕ್ಕದ ಬೆಟ್ಟಗಳಲ್ಲಿ ‘ಕ್ರೀಕ್ ಫೈರ್’ ಎಂದು ಹೆಸರಾದ ಕಾಡ್ಗಿಚ್ಚು ಹತ್ತಿತ್ತು. ಸುಮಾರು 3 ಲಕ್ಷ 80 ಸಾವಿರ ಎಕರೆ ಕಾಡು ಸುಟ್ಟಿತು. ಹೊಗೆ ನಮ್ಮ ಬಾಣಲೆಗೆ ಇಳಿದು ವಾರಗಟ್ಟಲೆ ನಿಂತಿತು. ಹಗಲು ಹೊತ್ತಿನಲ್ಲಿ ಸೂರ್ಯ ಕುಂಕುಮದ ಬಣ್ಣಕ್ಕಿದ್ದ. ಒಂದು ಸಂಜೆ ನಮ್ಮ ಕ್ಲಿನಿಕ್‌ಗೆ ಒಬ್ಬ ಹುಡುಗಿ ಬಂದಳು. ಏಳು ತಿಂಗಳು ತುಂಬಿತ್ತು. ಮೆಕ್ಸಿಕೋದ ಒಹಾಕಾ ಸೀಮೆಯವಳು. ಮನೆಮಾತು ಮಿಷ್ಟೆಕ್. ಸ್ಪ್ಯಾನಿಷ್ ಆಕೆಗೆ ಎರಡನೆಯ ಭಾಷೆ, ನನಗೆ ನಾಲ್ಕನೆಯದು. ಇಬ್ಬರೂ ನಿಧಾನವಾಗಿ ಮಾತಾಡಿಕೊಂಡೆವು.

ಬೆಳಗ್ಗೆಯಿಂದ ಹೊಟ್ಟೆ ಬಿಗಿಯುತ್ತಿದೆ ಎಂದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. “ಇವತ್ತು ಎಷ್ಟು ನೀರು ಕುಡಿದೆ ಮಿಹಾ?” ಎಂದು ಕೇಳಿದೆ. ಮಿಹಾ ಅಂದರೆ ಅವರಲ್ಲಿ ‘ನನ್ನ ಮಗಳೇ’ ಅಂತ. ನಮ್ಮ ಕಡೆ ಗುರುತಿಲ್ಲದ ಹುಡುಗಿಯನ್ನೂ ‘ತಂಗಿ’ ಅನ್ನುತ್ತೇವಲ್ಲ, ಹಾಗೆ. ಅರ್ಧ ಬಾಟಲಿ ಎಂದಳು. ನೀರು ಕೊಡುವುದಿಲ್ಲವಾ ಎಂದೆ. ಕೊಡುತ್ತಾರೆ, ಆದರೆ ಶೌಚಾಲಯ ಹೊಲದ ಆ ತುದಿಗಿದೆ ಎಂದಳು. ಆಗ ದ್ರಾಕ್ಷಿ ಕೊಯ್ಲು ನಡೆದಿತ್ತು. ಕೂಲಿ ದಿನದ ಲೆಕ್ಕದಲ್ಲಿ ಸಿಗುವುದಿಲ್ಲ, ಎಷ್ಟು ತಟ್ಟೆ ತುಂಬಿಸಿದೆ ಎನ್ನುವುದರ ಮೇಲೆ. ಹೋಗಿ ಬರುವ ಹೊತ್ತಿಗೆ ಎರಡು ತಟ್ಟೆ ಹೋಯಿತು. ಬಸುರಿಗೆ ಗಂಟೆಗೊಮ್ಮೆ ಮೂತ್ರಕ್ಕೆ ಹೋಗಬೇಕು ಅನ್ನಿಸುತ್ತದೆ. ಅದಕ್ಕೆ ನೀರೇ ಕುಡಿಯುವುದಿಲ್ಲ.

ಇದು ಒಬ್ಬಳ ಕಥೆ ಅಂದುಕೊಳ್ಳಬೇಡಿ. ನೀರು ಕಡಿಮೆ ಕುಡಿದರೆ ಉರಿಮೂತ್ರ ಬರುತ್ತದೆ. ಮೂತ್ರದ ಸೋಂಕು ಮೇಲಕ್ಕೆ ಹತ್ತಿದರೆ ಅದೊಂದೇ ಸಾಕು, ದಿನ ತುಂಬುವ ಮೊದಲೇ ನೋವು ಬರಿಸಲು.

ಬಸುರಿಯ ಮೈಯಲ್ಲಿ ಬಿಸಿಲು ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಹೇಳುತ್ತೇನೆ. ದಿನ ತುಂಬುವ ಹೊತ್ತಿಗೆ ಆಕೆಯ ಮೈಯಲ್ಲಿ ರಕ್ತ ಮೊದಲಿಗಿಂತ ಸುಮಾರು ಒಂದೂವರೆ ಪಟ್ಟು ಆಗಿರುತ್ತದೆ. ಹೃದಯಕ್ಕೆ ಆಗಲೇ ಹೆಚ್ಚಿನ ದುಡಿಮೆ. ಮಗುವಿನ ಮೈಯ ಕಾವೂ ತಾಯಿಯ ಮೂಲಕವೇ ಹೊರಗೆ ಹೋಗಬೇಕು. ಮಗುವಿಗೆ ಬೇರೆ ದಾರಿ ಇಲ್ಲ. ಹೊರಗೆ ಬಿಸಿ ಏರಿದಾಗ ಮೈ ತಣ್ಣಗಾಗಲು ರಕ್ತ ಚರ್ಮದ ಕಡೆಗೆ ಹರಿಯುತ್ತದೆ. ಅಷ್ಟರಮಟ್ಟಿಗೆ ಗರ್ಭಕೋಶಕ್ಕೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಬೆವರು ಹೋಗಿ ನೀರು ಕಡಿಮೆಯಾದರೆ ರಕ್ತ ಇನ್ನೂ ಕುಗ್ಗುತ್ತದೆ. ನೋವು ಬರಿಸುವ ಹಾರ್ಮೋನುಗಳು ಹೊತ್ತಲ್ಲದ ಹೊತ್ತಿನಲ್ಲಿ ಎಚ್ಚರವಾಗುತ್ತವೆ. ಮೊದಲ ಕೆಲವು ವಾರಗಳಲ್ಲಿ ತಾಯಿಯ ಮೈಬಿಸಿ 39 ಡಿಗ್ರಿ ದಾಟಿದರೆ ಮಗುವಿನ ಬೆನ್ನುಹುರಿ, ಮಿದುಳು ರೂಪುಗೊಳ್ಳುವುದರಲ್ಲೇ ತೊಂದರೆಯಾಗುವ ಭಯವಿದೆ. ಆ ವಾರಗಳಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂಬುದೇ ಗೊತ್ತಿರುವುದಿಲ್ಲ.

ಇನ್ನು ಹೊಗೆ. ಬಸುರಿ ಇಬ್ಬರಿಗಾಗಿ ಉಸಿರಾಡುತ್ತಾಳೆ. ಪ್ರತಿ ನಿಮಿಷ ಒಳಗೆ ಎಳೆದುಕೊಳ್ಳುವ ಗಾಳಿ ಶೇ. 30ರಿಂದ 50ರಷ್ಟು ಜಾಸ್ತಿ. ಗಾಳಿ ಕೆಟ್ಟಿದ್ದರೆ ಅಷ್ಟೇ ಜಾಸ್ತಿ ವಿಷ ಒಳಗೆ. ಪಿಎಂ 2.5 ಎಂಬ ಹೆಸರು ಈಗ ನೀವೂ ಪೇಪರ್‌ನಲ್ಲಿ ಓದುತ್ತೀರಿ. ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣಗಳು ಅವು. ನಮ್ಮ ತಲೆಕೂದಲು ಅದರ ಸುಮಾರು ಮೂವತ್ತು ಪಟ್ಟು ದಪ್ಪ. ಶ್ವಾಸಕೋಶ ದಾಟಿ ರಕ್ತಕ್ಕೇ ಇಳಿಯುವಷ್ಟು ಸಣ್ಣವು. ಮಾಸು ಮಗುವನ್ನು ಕಾಯುವ ಬೇಲಿ ಎಂದು ನಾವೆಲ್ಲ ನಂಬಿದ್ದೆವು. 2019ರಲ್ಲಿ ಬೆಲ್ಜಿಯಂನ ಸಂಶೋಧಕರು ಹೆರಿಗೆಯಾದ ತಾಯಂದಿರ ಮಾಸನ್ನು ಪರೀಕ್ಷೆ ಮಾಡಿದರು. ಮಗುವಿನ ಕಡೆಯ ಭಾಗದಲ್ಲೇ ಮಸಿಯ ಕಣಗಳು ಸಿಕ್ಕವು. ವಾಹನ, ಇಂಧನ ಸುಟ್ಟಾಗ ಬರುತ್ತದಲ್ಲ, ಅದೇ ಮಸಿ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನನ್ನ ಕೈಯಲ್ಲಿ ಎಷ್ಟು ಮಾಸು ಹಾದುಹೋಗಿದೆ!

ಆ ಹುಡುಗಿಗೆ 34 ವಾರಕ್ಕೇ ಹೆರಿಗೆಯಾಯಿತು. 37 ವಾರ ತುಂಬುವ ಮೊದಲು ಹುಟ್ಟಿದರೆ ಅವಧಿಗೆ ಮುಂಚಿನ ಹೆರಿಗೆ ಎನ್ನುತ್ತೇವೆ. ಮಗು ಉಳಿಯಿತು, ಈಗ ಶಾಲೆಗೆ ಹೋಗುತ್ತದೆ. ಆದರೆ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಒಂದು ಮಗುವನ್ನು ತೋರಿಸಿ ‘ಇದು ಹೊಗೆಯಿಂದ ಆದದ್ದು’ ಎಂದು ಯಾವ ಡಾಕ್ಟರೂ ಹೇಳಲಾರರು. ಕೇಳಿದರೆ ‘ಹೀಗೂ ಆಗುತ್ತದಮ್ಮ’ ಎನ್ನುತ್ತಾರೆ. ಲಕ್ಷಗಟ್ಟಲೆ ಹೆರಿಗೆಗಳ ಲೆಕ್ಕ ಒಟ್ಟಿಗೆ ಇಟ್ಟಾಗ ಮಾತ್ರ ಅದು ಕಣ್ಣಿಗೆ ಕಾಣುತ್ತದೆ.

ಆ ಲೆಕ್ಕ ನೋಡೋಣ. 2020ರಲ್ಲಿ ಅಮೆರಿಕದ ವೈದ್ಯರು 68 ಅಧ್ಯಯನಗಳನ್ನು ಒಟ್ಟು ಮಾಡಿ ಓದಿದರು. ಅವುಗಳಲ್ಲಿ 3 ಕೋಟಿ 20 ಲಕ್ಷಕ್ಕೂ ಹೆಚ್ಚು ಹೆರಿಗೆಗಳ ವಿವರ ಇತ್ತು. ಸಣ್ಣ ಕಣಗಳು, ಓಜೋನ್, ಬಿಸಿಲು ಇವುಗಳಿಗೂ, ಅವಧಿಗೆ ಮುಂಚಿನ ಹೆರಿಗೆ, ಕಡಿಮೆ ತೂಕ, ಸತ್ತು ಹುಟ್ಟುವ ಮಗು ಇವುಗಳಿಗೂ ನಂಟಿದೆ ಎಂದು 57 ಅಧ್ಯಯನಗಳು ಹೇಳಿದವು. ಅದೇ ವರ್ಷ 27 ದೇಶಗಳ 70 ಅಧ್ಯಯನಗಳ ಇನ್ನೊಂದು ಲೆಕ್ಕ ಬಂತು. ಬಿಸಿ ಒಂದು ಡಿಗ್ರಿ ಏರಿದರೆ ಅವಧಿಗೆ ಮುಂಚೆ ಹೆರಿಗೆಯಾಗುವ ಸಂಭವ ಸುಮಾರು ಶೇ. 5ರಷ್ಟು ಹೆಚ್ಚುತ್ತದೆ, ಬಿಸಿಗಾಳಿಯ ದಿನಗಳಲ್ಲಿ ಶೇ. 16ರಷ್ಟು ಹೆಚ್ಚುತ್ತದೆ ಎಂದು ಅದು ತೋರಿಸಿತು. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ರೂಪಾ ಬಸು ಒಬ್ಬರು. ಆ ರಾಜ್ಯ ಸರ್ಕಾರದ ವಿಜ್ಞಾನಿ. 2010ರಲ್ಲೇ, ನಮ್ಮ ಜಿಲ್ಲೆಗಳಂಥ 16 ಕೌಂಟಿಗಳ ಬೇಸಿಗೆಯ ಹೆರಿಗೆಗಳನ್ನು ನೋಡಿ, ವಾರದ ಸರಾಸರಿ ಬಿಸಿ ಐದೂವರೆ ಡಿಗ್ರಿ ಏರಿದರೆ ಅವಧಿಗೆ ಮುಂಚಿನ ಹೆರಿಗೆ ಶೇ. 8.6ರಷ್ಟು ಹೆಚ್ಚುತ್ತದೆ ಎಂದು ಬರೆದರು. ಕಾಡ್ಗಿಚ್ಚಿನ ಹೊಗೆಯ ಲೆಕ್ಕವೂ ಇದೆ. 2007ರಿಂದ 2012ರವರೆಗೆ ಕ್ಯಾಲಿಫೋರ್ನಿಯಾದಲ್ಲಿ ಈ ಹೊಗೆಯಿಂದಾಗಿ ಸುಮಾರು 7,000 ಮಕ್ಕಳು ಅವಧಿಗೆ ಮುಂಚೆ ಹುಟ್ಟಿರಬಹುದು ಎಂದು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಅಂದಾಜು ಮಾಡಿದರು. ಆಮೇಲಿನ ವರ್ಷಗಳ ದೊಡ್ಡ ಬೆಂಕಿಗಳು ಈ ಲೆಕ್ಕದಲ್ಲಿ ಸೇರಿಲ್ಲ.

ಶೇ. 5 ಅಂದರೆ ಸಣ್ಣ ಸಂಖ್ಯೆ ಅನ್ನಿಸಬಹುದು. ಸಿಗರೇಟಿನ ಹಾಗೆ ಒಬ್ಬಿಬ್ಬರು ಸೇದುವ ಹೊಗೆ ಇದಲ್ಲ. ಇಡೀ ಊರು ಒಂದೇ ಗಾಳಿ ಉಸಿರಾಡುತ್ತದೆ. ಆದ್ದರಿಂದ ಆ ಸಣ್ಣ ಸಂಖ್ಯೆ ಸಾವಿರಾರು ತೊಟ್ಟಿಲುಗಳನ್ನು ಮುಟ್ಟುತ್ತದೆ.

ಇಲ್ಲಿ ನೀವು ಕೇಳಬಹುದು. ಬಿಸಿಲು, ಗಾಳಿ ಎಲ್ಲರಿಗೂ ಒಂದೇ ಅಲ್ವಾ? ಲ್ಯಾಟಿನೋ ಎಂದು ಬೇರೆ ಹೇಳುವುದು ಯಾಕೆ?

ಒಂದೇ ಅಲ್ಲ. ಫ್ರೆಸ್ನೋದಲ್ಲೇ ಉತ್ತರದ ಬಡಾವಣೆಗಳಿಗೆ ಹೋದರೆ ಮರಗಳ ನೆರಳಿದೆ, ಮನೆಗೆಲ್ಲ ಎಸಿ ಇದೆ. ದಕ್ಷಿಣಕ್ಕೆ ಬಂದರೆ ಗೋದಾಮು, ಲಾರಿ ಅಡ್ಡೆ, ಹೆದ್ದಾರಿ. ಇದು ತಾನಾಗಿ ಆದದ್ದಲ್ಲ. 1930ರ ದಶಕದಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆ ಬರೆದು, ಕಪ್ಪು ಜನ, ಮೆಕ್ಸಿಕೋದವರು, ವಲಸಿಗರು ಇದ್ದ ಕೇರಿಗಳಿಗೆ ಕೆಂಪು ಬಣ್ಣ ಹಚ್ಚಿತು. ಕೆಂಪು ಅಂದರೆ ಅಲ್ಲಿ ಸಾಲ ಕೊಡಬೇಡಿ ಅಂತ. ಸಾಲ ಸಿಗದ ಕಡೆ ಒಳ್ಳೆ ಮನೆ ಏಳಲಿಲ್ಲ, ಉದ್ಯಾನ ಬರಲಿಲ್ಲ. ಜಾಗ ಅಗ್ಗವಾದ್ದರಿಂದ ಹೆದ್ದಾರಿ, ಕಾರ್ಖಾನೆ ಬಂದವು. ಲಾಸ್ ಏಂಜಲೀಸ್‌ನ ಬಾಯ್ಲ್ ಹೈಟ್ಸ್ ಹೀಗೆ ಕೆಂಪಾದ ಒಂದು ಕೇರಿ. ಇವತ್ತು ಅಲ್ಲಿ ಬಹುಪಾಲು ಲ್ಯಾಟಿನೋಗಳು. ದೇಶದಲ್ಲೇ ಅತಿ ದಟ್ಟಣೆಯ ಹೆದ್ದಾರಿ ಕೂಡುರಸ್ತೆಗಳಲ್ಲಿ ಒಂದು ಆ ಕೇರಿಯ ಎದೆಯ ಮೇಲೆ ಕೂತಿದೆ. 2020ರಲ್ಲಿ 108 ನಗರಗಳನ್ನು ಅಳೆದು ನೋಡಿದರು. ಕೆಂಪು ಹಚ್ಚಿದ ಕೇರಿಗಳು ಬೇರೆ ಕೇರಿಗಳಿಗಿಂತ ಸರಾಸರಿ 2.6 ಡಿಗ್ರಿ ಹೆಚ್ಚು ಬಿಸಿ. ಕೆಲವು ನಗರಗಳಲ್ಲಿ ವ್ಯತ್ಯಾಸ 7 ಡಿಗ್ರಿವರೆಗೆ ಇತ್ತು. ಸುಮಾರು ತೊಂಬತ್ತು ವರ್ಷದ ಹಿಂದೆ ಹಚ್ಚಿದ ಬಣ್ಣ ಇವತ್ತಿಗೂ ಸುಡುತ್ತಿದೆ.

2019ರ ಇನ್ನೊಂದು ಅಧ್ಯಯನ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಯಾರು ಕೊಳ್ಳುವ ಸಾಮಾನಿನಿಂದ ಎಷ್ಟು ಹೊಗೆ ಹುಟ್ಟುತ್ತದೆ, ಆ ಹೊಗೆಯನ್ನು ಯಾರು ಉಸಿರಾಡುತ್ತಾರೆ ಎಂದು ಅವರು ಲೆಕ್ಕ ಹಾಕಿದರು. ಹಿಸ್ಪಾನಿಕ್ ಜನ, ಅಂದರೆ ಹೆಚ್ಚುಕಡಿಮೆ ಇದೇ ಲ್ಯಾಟಿನೋಗಳು, ತಾವು ಹುಟ್ಟಿಸುವುದಕ್ಕಿಂತ ಶೇ. 63ರಷ್ಟು ಹೆಚ್ಚು ಮಾಲಿನ್ಯ ಉಸಿರಾಡುತ್ತಾರೆ. ಬಿಳಿಯರು ತಾವು ಹುಟ್ಟಿಸುವುದಕ್ಕಿಂತ ಶೇ. 17ರಷ್ಟು ಕಡಿಮೆ ಉಸಿರಾಡುತ್ತಾರೆ. ಬಾದಾಮಿ ತಿನ್ನುವವರು ಒಂದು ಕಡೆ, ಅದರ ಧೂಳು ಕುಡಿಯುವವರು ಇನ್ನೊಂದು ಕಡೆ. ಈ ಲೆಕ್ಕ ಅಮೆರಿಕದ ಒಳಗಿನದು. ನಮ್ಮ ಅಂಟಿನುಂಡೆಯನ್ನು ಅದರಲ್ಲಿ ಯಾರೂ ಸೇರಿಸಿಲ್ಲ.

ಮನೆಯೊಳಗೆ ಹೋದರೆ ಇನ್ನೊಂದು ಇಕ್ಕಟ್ಟು. ಕಣಿವೆಯ ಬಡವರ ಮನೆಗಳಲ್ಲಿ ಎಸಿ ಬದಲು ಕೂಲರ್ ಇರುತ್ತದೆ. ನಮ್ಮ ರಾಯಚೂರು, ಕಲಬುರಗಿ ಮನೆಗಳಲ್ಲಿ ಇರುವಂಥದ್ದೇ. ಒದ್ದೆ ಹುಲ್ಲಿನ ಪ್ಯಾಡ್ ಮೂಲಕ ಹೊರಗಿನ ಗಾಳಿ ಎಳೆದು ಒಳಗೆ ಬಿಡುತ್ತದೆ. ಹೊರಗೆ ಹೊಗೆ ಇದ್ದರೆ ಹೊಗೆಯನ್ನೂ ಒಳಗೆ ತರುತ್ತದೆ. ಕೂಲರ್ ಹಾಕಿದರೆ ಹೊಗೆ, ಹಾಕದಿದ್ದರೆ ಧಗೆ. 2020ರ ಆ ವಾರಗಳಲ್ಲಿ ‘ಕಿಟಕಿ ಮುಚ್ಚಿ ಒಳಗೇ ಇರಿ’ ಎಂದು ಸರ್ಕಾರದ ಎಚ್ಚರಿಕೆ ಬರುತ್ತಿತ್ತು. ‘ಬಿಸಿಲು ಜಾಸ್ತಿ, ಗಾಳಿ ಆಡಲು ಬಿಡಿ’ ಎಂದು ಇನ್ನೊಂದು ಎಚ್ಚರಿಕೆ. ಆ ಹುಡುಗಿ ನನ್ನನ್ನು ಕೇಳಿದಳು, ಯಾವುದನ್ನು ಮಾಡಲಿ ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಒಂದು ಸೋಜಿಗದ ವಿಷಯ. ಬಡತನ ಇದ್ದ ಕಡೆ ಮಕ್ಕಳ ತೂಕ ಕಡಿಮೆ ಇರುತ್ತದೆ ಎಂದು ನಾವು ಓದಿದ್ದೇವೆ. ಆದರೆ ಮೆಕ್ಸಿಕೋದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ತಾಯಂದಿರ ಮಕ್ಕಳು, ಅಷ್ಟು ಬಡತನದಲ್ಲೂ, ಎಷ್ಟೋ ಸಲ ಬಿಳಿಯ ತಾಯಂದಿರ ಮಕ್ಕಳಷ್ಟೇ ಚೆನ್ನಾಗಿ ಹುಟ್ಟುತ್ತಾರೆ. ಕಾರಣಗಳ ಬಗ್ಗೆ ಇನ್ನೂ ಚರ್ಚೆ ಇದೆ. ಹತ್ತಿರದಿಂದ ನೋಡಿದ ನನಗೆ ಅವರ ಮನೆಯ ಹೆಂಗಸರ ಆರೈಕೆ ಅದರಲ್ಲಿ ದೊಡ್ಡದು ಅನ್ನಿಸುತ್ತದೆ. ಅವರಲ್ಲಿ ‘ಕ್ವಾರೆಂತೇನಾ’ ಎಂಬ ಪದ್ಧತಿ ಇದೆ. ಹೆರಿಗೆಯಾದ ಮೇಲೆ ನಲವತ್ತು ದಿನ ಬಾಣಂತಿಗೆ ವಿಶ್ರಾಂತಿ. ತಾಯಿ, ಅತ್ತೆ, ಅಕ್ಕಂದಿರು ಬಂದು ಮನೆ ನೋಡಿಕೊಳ್ಳುತ್ತಾರೆ. ಬಿಸಿ ಬಿಸಿ ಕೋಳಿ ಸಾರು ಕೊಡುತ್ತಾರೆ. ತಲೆಗೆ ಬಟ್ಟೆ ಕಟ್ಟುತ್ತಾರೆ, ತಣ್ಣನೆ ಗಾಳಿ ತಾಗಿಸುವುದಿಲ್ಲ. ಇದು ಶೀತ, ಇದು ಉಷ್ಣ ಎಂದು ಊಟ ನೋಡಿ ಕೊಡುತ್ತಾರೆ. ಇದನ್ನು ಮೊದಲ ಸಲ ಕಂಡಾಗ ನನಗೆ ಸಿಂಧನೂರಿನ ಬಾಣಂತಿ ಕೋಣೆಯೇ ನೆನಪಾಯಿತು. ಇಷ್ಟು ದೂರದ ಎರಡು ಊರಿನ ಅಜ್ಜಿಯರು ಒಂದೇ ಮಾತು ಆಡುತ್ತಾರಲ್ಲ!

ಬೇಸರದ ಸಂಗತಿ ಏನೆಂದರೆ, ಅಮೆರಿಕದಲ್ಲೇ ಹುಟ್ಟಿ ಬೆಳೆದ ಅವರ ಹೆಣ್ಣುಮಕ್ಕಳಲ್ಲಿ ಈ ಬಲ ಕರಗುತ್ತದೆ. ಸ್ಪ್ಯಾನಿಷ್ ಬದಲು ಇಂಗ್ಲಿಷ್ ಬರುತ್ತದೆ, ಸ್ವಲ್ಪ ಹೆಚ್ಚು ಸಂಬಳ ಬರುತ್ತದೆ, ಆದರೆ ಮಕ್ಕಳ ತೂಕ ಇಳಿಯುತ್ತದೆ. ಅದಕ್ಕೆ ಕಾರಣ ಹಲವು. ಹುಟ್ಟಿದಾಗಿನಿಂದ ಅದೇ ಬಾಣಲೆಯ ಗಾಳಿ ಕುಡಿದು ಬೆಳೆದ ಮೈ ಅದು ಎಂಬುದನ್ನು ನಾನು ಮರೆಯಲಾರೆ. ಲಾಸ್ ಏಂಜಲೀಸ್‌ನಲ್ಲಿ 2015ರಿಂದ ‘ಮಾದ್ರೆಸ್’ ಎಂಬ ಅಧ್ಯಯನ ನಡೆಯುತ್ತಿದೆ. ಮಾದ್ರೆಸ್ ಅಂದರೆ ತಾಯಂದಿರು. ಹೆಚ್ಚಾಗಿ ಬಡ ಲ್ಯಾಟಿನಾ ಬಸುರಿಯರನ್ನೇ ಸೇರಿಸಿಕೊಂಡು, ಅವರ ಮನೆಯ ಸುತ್ತಲಿನ ಗಾಳಿ, ಮನಸ್ಸಿನ ಒತ್ತಡ, ಮಗುವಿನ ಬೆಳವಣಿಗೆ ಎಲ್ಲವನ್ನೂ ಒಟ್ಟಿಗೆ ನೋಡುತ್ತಾರೆ. ಅದಕ್ಕೂ ಮುಂಚೆ ಕ್ಯಾಲಿಫೋರ್ನಿಯಾದ್ದೇ ಆದ ಸಲಿನಾಸ್ ಕಣಿವೆಯಲ್ಲಿ 1999ರಲ್ಲಿ ಶುರುವಾದ ‘ಚಮಾಕೋಸ್’ ಅಧ್ಯಯನ 601 ಬಸುರಿಯರನ್ನು ಸೇರಿಸಿಕೊಂಡಿತ್ತು. ಹೊಲಕ್ಕೆ ಹೊಡೆಯುವ ಕೀಟನಾಶಕ ತಾಯಿಯ ಮೈಯಲ್ಲಿ ಎಷ್ಟಿದೆ ಎಂದು ಅಳೆದು, ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ವಿಷ ಅತಿ ಜಾಸ್ತಿ ಇದ್ದ ತಾಯಂದಿರ ಮಕ್ಕಳಿಗೆ ಏಳನೇ ವಯಸ್ಸಿನಲ್ಲಿ ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಸುಮಾರು 7 ಅಂಕ ಕಡಿಮೆ ಬಂತು. ಇಂಥ ಪುರಾವೆ ಸೇರುತ್ತಾ ಹೋಗಿ, 2020ರ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕದ ಬಳಕೆ ಬಹುಮಟ್ಟಿಗೆ ನಿಂತಿತು. ನಮ್ಮ ರೈತರಿಗೆ ಆ ಹೆಸರು ಚೆನ್ನಾಗಿ ಗೊತ್ತು.

ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಕ್ಲಿನಿಕ್‌ನಲ್ಲಿ ಬಸುರಿಯರಿಗೆ ಒಂದು ಹಾಳೆ ಕೊಡುತ್ತಿದ್ದೆವು. ಜಾಸ್ತಿ ನೀರು ಕುಡಿಯಿರಿ. ಬಿಸಿಲಿಗೆ ಹೋಗಬೇಡಿ. ಹೊಗೆ ಇದ್ದಾಗ ಹೊರಗೆ ಬರಬೇಡಿ. ವರ್ಷಗಟ್ಟಲೆ ನಾನೇ ಕೈಯಾರೆ ಹಂಚಿದ್ದೇನೆ. ಅದರಲ್ಲಿ ಒಂದೂ ಸುಳ್ಳಿಲ್ಲ. ಆದರೆ ಆ ಹಾಳೆ ತಪ್ಪು ವಿಳಾಸಕ್ಕೆ ಹೋಗುತ್ತಿತ್ತು. ನೀರು, ನೆರಳು, ಗಾಳಿ ಮೂರೂ ಆ ಹುಡುಗಿಯ ಕೈಯಲ್ಲಿ ಇಲ್ಲ. ಹಾಳೆ ತಲುಪಬೇಕಾದದ್ದು ಮೇಸ್ತ್ರಿಗೆ, ತೋಟದ ಮಾಲೀಕರಿಗೆ, ಹೆದ್ದಾರಿ ಎಲ್ಲಿ ಹೋಗಬೇಕು ಎಂದು ತೀರ್ಮಾನಿಸುವವರಿಗೆ. ಬಸುರಿಗೇ ಬುದ್ಧಿ ಹೇಳಿ ಕಳಿಸಿದರೆ, ನಾಳೆ ಮಗುವಿಗೆ ಏನಾದರೂ ಆದಾಗ ಆಕೆ ತನ್ನನ್ನೇ ಬೈದುಕೊಳ್ಳುತ್ತಾಳೆ. ಎಷ್ಟೋ ತಾಯಂದಿರು ನನ್ನೆದುರು ಹಾಗೆ ಅತ್ತಿದ್ದಾರೆ. ‘ನಾನು ಆವತ್ತು ಹೋಗಬಾರದಿತ್ತು’ ಅಂತ.

ಹೊಗೆಯನ್ನೇ ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಪುರಾವೆ ಇದೆ. ಇದು ನನಗೆ ಬಹಳ ಇಷ್ಟವಾದ ಅಧ್ಯಯನ. ನಮ್ಮಲ್ಲಿ ಫಾಸ್ಟ್ಯಾಗ್ ಬಂತಲ್ಲ, ಅಂಥದ್ದೇ ವ್ಯವಸ್ಥೆ ಅಮೆರಿಕದ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ರಾಜ್ಯಗಳ ಟೋಲ್‌ಗಳಿಗೆ ಮೊದಲೇ ಬಂದಿತ್ತು. ಗಾಡಿಗಳು ಸಾಲಿನಲ್ಲಿ ನಿಂತು ಹೊಗೆ ಉಗುಳುವುದು ಕಡಿಮೆಯಾಯಿತು. ಇಬ್ಬರು ಅರ್ಥಶಾಸ್ತ್ರಜ್ಞರು ಹೋಗಿ ಟೋಲ್ ಸುತ್ತಲಿನ ಹೆರಿಗೆಗಳ ಲೆಕ್ಕ ತೆಗೆದರು. ಎರಡು ಕಿಲೋಮೀಟರ್ ಒಳಗಿನ ತಾಯಂದಿರಲ್ಲಿ, ಸ್ವಲ್ಪ ದೂರದವರಿಗೆ ಹೋಲಿಸಿದರೆ, ಅವಧಿಗೆ ಮುಂಚಿನ ಹೆರಿಗೆ ಶೇ. 10.8ರಷ್ಟು ಇಳಿದಿತ್ತು. ಕಡಿಮೆ ತೂಕದ ಮಕ್ಕಳು ಶೇ. 11.8ರಷ್ಟು ಕಡಿಮೆ. ಆ ತಾಯಂದಿರು ಏನೂ ಬೇರೆ ಮಾಡಿರಲಿಲ್ಲ. ಯಾರೂ ಅವರಿಗೆ ಹಾಳೆ ಕೊಟ್ಟಿರಲಿಲ್ಲ. ಟೋಲ್ ಗೇಟಿನಲ್ಲಿ ಸಾಲು ಕರಗಿತು, ಮಕ್ಕಳು ಹೊತ್ತಿಗೆ ಸರಿಯಾಗಿ ಹುಟ್ಟಿದರು. ಕ್ಯಾಲಿಫೋರ್ನಿಯಾದಲ್ಲೂ ಇಂಥದ್ದೇ ಆಯಿತು. 2001ರಿಂದ 2011ರ ನಡುವೆ ಕಲ್ಲಿದ್ದಲು, ಎಣ್ಣೆ ಸುಡುವ ಎಂಟು ವಿದ್ಯುತ್ ಸ್ಥಾವರಗಳು ಮುಚ್ಚಿದವು. ಐದು ಕಿಲೋಮೀಟರ್ ಒಳಗೆ ಅವಧಿಗೆ ಮುಂಚಿನ ಹೆರಿಗೆ ಶೇ. 7ರಿಂದ 5.1ಕ್ಕೆ ಇಳಿಯಿತು.

ಬಿಸಿಲಿಗೆ ಸಂಬಂಧಿಸಿದ ಕಾನೂನಿನ ಕಥೆ ಇಷ್ಟು ಸುಖದ್ದಲ್ಲ. ಹೊರಗೆ ದುಡಿಯುವವರಿಗೆ ನೀರು, ನೆರಳು, ವಿರಾಮ ಕೊಡಲೇಬೇಕು ಎಂಬ ನಿಯಮವನ್ನು ಅಮೆರಿಕದಲ್ಲಿ ಮೊದಲು ತಂದದ್ದು ಕ್ಯಾಲಿಫೋರ್ನಿಯಾ, 2005ರಲ್ಲಿ. ಒಬ್ಬರಿಗೆ ಗಂಟೆಗೆ ಸುಮಾರು ಒಂದು ಲೀಟರ್ ನೀರು. ನಿಯಮ ಬಂದು ಮೂರು ವರ್ಷ ಆಗುವುದರೊಳಗೆ, 2008ರ ಮೇ ತಿಂಗಳಲ್ಲಿ, ಸ್ಟಾಕ್ಟನ್ ಹತ್ತಿರದ ದ್ರಾಕ್ಷಿ ತೋಟದಲ್ಲಿ ಮರಿಯಾ ಇಸಾವೆಲ್ ವಾಸ್ಕೆಜ್ ಹಿಮೆನೆಜ್ ಎಂಬ ಹುಡುಗಿ ಕುಸಿದುಬಿದ್ದಳು. 17 ವರ್ಷ. ಸುಮಾರು 35 ಡಿಗ್ರಿ ಬಿಸಿಲಿನಲ್ಲಿ ಗಂಟೆಗಟ್ಟಲೆ ದುಡಿದಿದ್ದಳು. ಕುಡಿಯುವ ನೀರು ಹತ್ತು ನಿಮಿಷದ ದಾರಿ ದೂರ. ಆಸ್ಪತ್ರೆಗೆ ಬಂದಾಗ ಮೈಬಿಸಿ 42 ಡಿಗ್ರಿ ದಾಟಿತ್ತು. ಎರಡು ದಿನಕ್ಕೆ ತೀರಿಕೊಂಡಳು. ಆಕೆ ಎರಡು ತಿಂಗಳ ಬಸುರಿಯಾಗಿದ್ದಳು. ಕೂಲಿಕಾರರು ರಾಜಧಾನಿ ಸ್ಯಾಕ್ರಮೆಂಟೋವರೆಗೆ ನಡೆದುಹೋಗಿ ನ್ಯಾಯ ಕೇಳಿದರು. ಆಮೇಲೆ ನಿಯಮ ಬಿಗಿಯಾಯಿತು. 2015ರಿಂದ ಬಿಸಿ ಸುಮಾರು 27 ಡಿಗ್ರಿ ದಾಟಿದರೆ ನೆರಳು ಕಡ್ಡಾಯ. 2024ರಲ್ಲಿ ಗೋದಾಮು, ಪ್ಯಾಕಿಂಗ್ ಶೆಡ್‌ಗಳ ಒಳಗಿನ ಬಿಸಿಗೂ ನಿಯಮ ಬಂತು.

ಬೇರೆ ಕಡೆ ಗಾಡಿ ಹಿಂದಕ್ಕೆ ಹೋಗಿದೆ. ಟೆಕ್ಸಾಸ್‌ನ ಆಸ್ಟಿನ್, ಡಲ್ಲಾಸ್ ನಗರಗಳು ಕಟ್ಟಡ ಕಾರ್ಮಿಕರಿಗೆ ನಾಲ್ಕು ಗಂಟೆಗೊಮ್ಮೆ ಹತ್ತು ನಿಮಿಷ ನೀರಿನ ವಿರಾಮ ಕೊಟ್ಟಿದ್ದವು. ಅಂಥ ಸ್ಥಳೀಯ ನಿಯಮಗಳನ್ನು ತೆಗೆದುಹಾಕುವ ಕಾಯ್ದೆಯನ್ನು 2023ರಲ್ಲಿ ಆ ರಾಜ್ಯ ಮಾಡಿತು. ಅದೇ ಬೇಸಿಗೆಯಲ್ಲಿ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ 31 ದಿನ ಎಡೆಬಿಡದೆ 43 ಡಿಗ್ರಿ ಮೇಲಿತ್ತು. 2024ರಲ್ಲಿ ಫ್ಲೋರಿಡಾ ಕೂಡ ನಗರ, ಕೌಂಟಿಗಳು ಇಂಥ ನಿಯಮ ಮಾಡದಂತೆ ತಡೆಯಿತು. ಹತ್ತು ನಿಮಿಷದ ನೀರಿನ ಮೇಲೆ ಯಾಕಿಷ್ಟು ಕೋಪ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಕಾಗದದ ಮೇಲೆ ನಿಯಮ ಇದ್ದರೂ ಕೇಳುವ ಧೈರ್ಯ ಬೇಕು. ಅಮೆರಿಕದ ಹೊಲಗಳಲ್ಲಿ ದುಡಿಯುವವರಲ್ಲಿ ಸುಮಾರು ಶೇ. 40ರಷ್ಟು ಜನರಿಗೆ ಅಲ್ಲಿ ಇರಲು ಸರಿಯಾದ ಕಾಗದಪತ್ರ ಇಲ್ಲ. ನೆರಳು ಎಲ್ಲಿ ಎಂದು ಕೇಳಿದರೆ ನಾಳೆ ಕೆಲಸಕ್ಕೆ ಬರಬೇಡ ಅನ್ನಬಹುದು, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಕ್ಯಾಲಿಫೋರ್ನಿಯಾದಲ್ಲಿ ಕಾಗದ ಇಲ್ಲದ ಬಡ ಬಸುರಿಗೂ ಸರ್ಕಾರದ ಖರ್ಚಿನಲ್ಲಿ ತಪಾಸಣೆ ಸಿಗುತ್ತದೆ. ಆದರೂ ಹೆಸರು ಬರೆಸಲು ಹೆದರಿ ಆರು ತಿಂಗಳವರೆಗೆ ಬಾರದವರನ್ನು ನೋಡಿದ್ದೇನೆ.

ಅಂಥವರ ಮನೆ ಬಾಗಿಲಿಗೆ ಹೋಗುವವರು ‘ಪ್ರೊಮೊತೋರಾ’ಗಳು. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ. ಅದೇ ಕೇರಿಯವರು, ಅದೇ ಭಾಷೆಯವರು. ನಮ್ಮ ಹಳೆಯ ಹಾಳೆಯನ್ನು ಬದಲಾಯಿಸಿದ್ದೂ ಅವರೇ. ಬಸುರಿಗೆ ಬುದ್ಧಿ ಹೇಳುವ ಮೊದಲು ಮೂರು ಪ್ರಶ್ನೆ ಕೇಳಿ ಎಂದರು. ಶೌಚಾಲಯ ಎಷ್ಟು ದೂರ? ಮನೆಯಲ್ಲಿ ಕೂಲರಾ, ಎಸಿಯಾ? ಪಕ್ಕದ ತೋಟದಲ್ಲಿ ಔಷಧ ಯಾವಾಗ ಹೊಡೆಯುತ್ತಾರೆ? ಆ ಉತ್ತರ ಹಿಡಿದು ಡಾಕ್ಟರು ಮೇಸ್ತ್ರಿಗೆ ಚೀಟಿ ಬರೆಯತೊಡಗಿದರು, ಈಕೆಗೆ ನೆರಳಿನ ಕೆಲಸ ಕೊಡಿ ಅಂತ. 2023ರ ಜೂನ್‌ನಿಂದ ಅಮೆರಿಕದಲ್ಲಿ ಬಸುರಿ ಕೆಲಸಗಾರ್ತಿಗೆ ಇಂಥ ಅನುಕೂಲ ಮಾಡಿಕೊಡಬೇಕೆಂಬ ಕಾನೂನೂ ಇದೆ. ಹಾಗಾಗಿ ಆ ಚೀಟಿಗೆ ಸ್ವಲ್ಪ ಬಲ ಬಂತು. ಔಷಧ ಹೊಡೆಯುವ ಮುಂಚೆ ತಿಳಿಸಿ ಎಂದು ಶಾಫ್ಟರ್ ಎಂಬ ಸಣ್ಣ ಊರಿನ ಜನ ವರ್ಷಗಟ್ಟಲೆ ಹಟ ಹಿಡಿದಿದ್ದರು. 2025ರ ಮಾರ್ಚ್‌ನಲ್ಲಿ ಇಡೀ ರಾಜ್ಯಕ್ಕೆ ಮುನ್ಸೂಚನೆ ಕೊಡುವ ವ್ಯವಸ್ಥೆ ಶುರುವಾಯಿತು. ಕಣಿವೆಯಲ್ಲಿ ತೋಟದ ಕಸ ಬಯಲಲ್ಲಿ ಸುಡುವುದನ್ನು 2024ರ ಕೊನೆಗೆ ಹೆಚ್ಚುಕಡಿಮೆ ನಿಲ್ಲಿಸಿದರು. ಕಡಿಮೆ ಧೂಳೆಬ್ಬಿಸುವ ಬಾದಾಮಿ ಯಂತ್ರ ಕೊಳ್ಳಲು ರೈತರಿಗೆ ಸಹಾಯಧನ ಸಿಗುತ್ತಿದೆ. ಬಂದಿರುವುದು ಸಾಲದು, ಆದರೆ ಇವೆಲ್ಲ ಸುಮ್ನೆ ಬಂದದ್ದಲ್ಲ.

ಇದು ಎಲ್ಲೋ ದೂರದ ಕಥೆ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಪಕ್ಕದ ತಮಿಳುನಾಡಿನಲ್ಲಿ ಇಟ್ಟಿಗೆ ಭಟ್ಟಿ, ಉಪ್ಪಿನ ಗದ್ದೆ, ಹೊಲಗಳಲ್ಲಿ ದುಡಿಯುವವರೂ ಸೇರಿದಂತೆ 800 ಬಸುರಿಯರನ್ನು ಗಮನಿಸಿದ ಅಧ್ಯಯನ 2024ರಲ್ಲಿ ಬಂತು. ಜಾಸ್ತಿ ಬಿಸಿಯಲ್ಲಿ ದುಡಿದವರಿಗೆ ಗರ್ಭಪಾತದ ಭಯ ದುಪ್ಪಟ್ಟು ಎಂದು ಅದು ಹೇಳಿತು. ನನ್ನವ್ವ ನನ್ನನ್ನು ಹೊತ್ತುಕೊಂಡು ಭತ್ತದ ನಾಟಿಗೆ ಹೋಗಿದ್ದವಳು. ನನ್ನ ಮುಂಚೆ ಎರಡು ಹೋದವು ಎಂದಷ್ಟೇ ಹೇಳುತ್ತಿದ್ದಳು. ಯಾಕೆ ಹೋದವು ಎಂದು ಯಾರೂ ಕೇಳಿರಲಿಲ್ಲ.

ರಜೆ ಮುಗಿಸಿ ವಾಪಸ್ ಹೋಗುವಾಗ ನಾಲ್ಕು ಅಂಟಿನುಂಡೆ ಡಬ್ಬಿಯಲ್ಲಿ ಕಟ್ಟಿಕೊಂಡು ಹೋದೆ. ಆ ಒಹಾಕಾದ ಹುಡುಗಿ ಎರಡನೇ ಸಲ ಬಸುರಿಯಾಗಿ ಬಂದಿದ್ದಳು. ಈಗ ಬಾದಾಮಿ ಆರಿಸುವ ಶೆಡ್‌ನಲ್ಲಿ ಕೆಲಸ. ಒಂದು ಉಂಡೆ ಕೊಟ್ಟೆ. ಮುರಿದು ನೋಡಿ, ಒಳಗಿನ ಬಾದಾಮಿ ಚೂರನ್ನು ಬೆರಳಲ್ಲಿ ಹಿಡಿದು ಗುರುತು ಹಿಡಿದಳು. “ಇಷ್ಟು ದೂರ ಹೋಗುತ್ತಾ ಇದು? ನಿಮ್ಮೂರಲ್ಲಿ ಯಾರು ತಿನ್ನುತ್ತಾರೆ?” ಎಂದು ಕೇಳಿದಳು.

“ಬಾಣಂತಿಯರು” ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಚೆನ್ನಾಗಿ ತೊಳೆದು ತಿನ್ನೋಕೆ ಹೇಳಿ ಸೆನ್ಯೋರಾ. ಇಲ್ಲಿ ತುಂಬ ಧೂಳು” ಎಂದಳು.